ಮಾವನಿಗೆ ಹೇಳಿದ ಮಾತು

ಗಾಳೆಮ್ಮ ಎಳನೀರು ಕೈಗಿಟ್ಟಾಗ ಕೋಮಲಾಳ ಅನುಮಾನ ಗಟ್ಟಿಯಾಯಿತು. ಸೊಸೆಗೆ ಎಂದೂ ಒಂದು ಲೋಟ ನೀರು ಕೊಡದ ಅತ್ತೆ, ಕೂಡ್ಲಿಗಿಯಿಂದ ಬಸ್ಸು ಹತ್ತಿ ದಾವಣಗೆರೆ ಆಸ್ಪತ್ರೆಯವರೆಗೆ ಎಳನೀರು ಹೊತ್ತು ಬಂದಿದ್ದಾಳೆಂದರೆ ತನ್ನ ಕಥೆ ಮುಗಿದ ಹಾಗೆಯೇ.

ಮೊಣಕಾಲ ಕೆಳಗಿನ ನೋವಿಗೆ ಮೊದಲು ಪಟ್ಟು ಹಾಕಿಸಿದ್ದಾಯಿತು, ಎಣ್ಣೆ ತಿಕ್ಕಿಸಿದ್ದಾಯಿತು. ಆಮೇಲೆ ಎಕ್ಸ್‌ರೇ, ಸ್ಕ್ಯಾನು, ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ. ಮೂಳೆಯೊಳಗೆ ಗಡ್ಡೆಯಿದೆ, ಕ್ಯಾನ್ಸರ್ ಅಲ್ಲ, ಕೆರೆದು ತೆಗೆದು ಆ ಜಾಗಕ್ಕೆ ಮೂಳೆಗೆಂದೇ ಇರುವ ಸಿಮೆಂಟು ತುಂಬುತ್ತೇವೆ, ಕಾಲು ಉಳಿಯುತ್ತದೆ ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದರು. ಅದು ನಿಜವೇ ಆಗಿತ್ತು. ಆದರೆ ಆಮೇಲೆ ಗಂಡ ಭೀಮೇಶ್ ಒಬ್ಬನೇ ಡಾಕ್ಟರ ಕೋಣೆಗೆ ಹೋಗಿ ಬಂದ. ಪಥ್ಯ ಕೇಳಿದೆ ಎಂದ. ಪಥ್ಯ ಕೇಳಲು ಬಾಗಿಲು ಯಾಕೆ ಹಾಕಿಕೊಳ್ಳಬೇಕು?

ಮಾವ ಸೋಮಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ, ಮುದುಕನಿಗೆ ಗೊತ್ತಾಗಬಾರದೆಂದು ಮನೆಮಂದಿ ಮಾತಾಡಿಕೊಂಡಿದ್ದರು. ನಮ್ಮ ಕಡೆ ಯಾವ ಮನೆಯಲ್ಲಾದರೂ ಹಾಗೆಯೇ. ಅಂಗನವಾಡಿ ಟೀಚರು, ಮಕ್ಕಳನ್ನು ಪುಸಲಾಯಿಸಿ ಅಭ್ಯಾಸವಿದೆ ಎಂದು ಸುಳ್ಳು ಹೇಳುವ ಕೆಲಸ ಕೋಮಲಾಳ ತಲೆಗೆ ಕಟ್ಟಿದ್ದರು. ಬರೀ ಗಡ್ಡೆ, ಕೆಟ್ಟದ್ದಲ್ಲ ಎಂದು ಅವಳು ಮಾವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಈಗ ಅದೇ ಮಾತು ಅವಳ ಕಿವಿಗೇ ಬೀಳುತ್ತಿತ್ತು. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಭೀಮೇಶ್ ಸಹಿ ಹಾಕಲು ಹೋದದ್ದೇ ತಡ, ಅತ್ತೆಯನ್ನು ಮಂಚದ ಮೇಲೆ ಕೂರಿಸಿಕೊಂಡಳು. ನಿಜ ಹೇಳದಿದ್ದರೆ ಆಪರೇಷನ್ನೇ ಬೇಡ, ಈಗಲೇ ಎದ್ದು ಹೋಗುತ್ತೇನೆ ಎಂದಳು.

"ಡಾಕ್ಟ್ರು ಹೇಳಿದ್ದ ಖರೇ. ನನಗೂ ಅಷ್ಟ ಗೊತ್ತೈತಿ" ಎಂದಳು ಗಾಳೆಮ್ಮ.

"ನಾನೂ ಮಾವಗ ಹಿಂಗ ಹೇಳಿದ್ನಿ ಅತ್ತಿ. ಪಾಪ, ನಂಬಿದ್ರು."

ಗಾಳೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲಿ ನಂಬಿದ್ದ? ಆತಗ ಮೊದಲ ದಿನಾನ ತಿಳಿದಿತ್ತು. ಹುಡುಗಿ ಅಷ್ಟು ಕಷ್ಟಪಟ್ಟು ಹೇಳಾಕತ್ತಾಳ, ಹೂಂ ಅಂದುಬಿಡ್ತೀನಿ ಅಂದಿದ್ದ."

ಮಾವ ಸಾಯುವವರೆಗೂ ತಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಗಂಜಿ ಕುಡಿಯುತ್ತಿದ್ದುದು ಕೋಮಲಾಳಿಗೆ ನೆನಪಾಯಿತು.

ಅಷ್ಟರಲ್ಲಿ ಸ್ಟ್ರೆಚರ್ ಗಾಡಿಯೊಂದಿಗೆ ಭೀಮೇಶ್ ಬಂದ. ಮುಖ ಬಿಳಿಚಿಕೊಂಡಿತ್ತು. "ಅಂಜಬ್ಯಾಡ. ಕೆಟ್ಟ ಗಡ್ಡಿ ಅಲ್ಲ ಅದು" ಎಂದ.

ಅವಳು ಅವನನ್ನೇ ನೋಡಿದಳು. ನಂಬಿಕೆಯೇನೂ ಬಂದಿರಲಿಲ್ಲ.

"ಹೂಂ" ಎಂದಳು.

ಅವನು ಉಸಿರು ಬಿಟ್ಟ. ಗಾಡಿ ಹೊರಟಿತು. ನರ್ಸು ಬಿಚ್ಚಿಕೊಟ್ಟ ಸೊಸೆಯ ಕಾಲುಂಗುರಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗಾಳೆಮ್ಮ ಆಪರೇಷನ್ ಕೋಣೆಯ ಬಾಗಿಲವರೆಗೂ ಪಕ್ಕದಲ್ಲೇ ನಡೆದಳು.