ಕರಿಗವಿ ಮೃಗದ ಕೂಗು

ಸದಾಶಿವನಗರದ ರೋಹನ ಎರಡು ತಗಡಿನ ಟ್ರಂಕುಗಳನ್ನು ಹೊರಿಸಿಕೊಂಡು ಅರ್ಶಿಯಾಳ ಮನೆಗೆ ಬಂದದ್ದು ಜನವರಿಯ ಒಂದು ಮಧ್ಯಾಹ್ನ. ಅರ್ಶಿಯಾ ಮುಂಬೈಯಲ್ಲಿ ಎಂಟು ವರ್ಷ ಸಿನಿಮಾಗಳಿಗೆ ಶಬ್ದ ಜೋಡಿಸುವ ಕೆಲಸ ಮಾಡಿದವಳು. ಅಬ್ಬಾ ತೀರಿಕೊಂಡ ಮೇಲೆ ಬೆಳಗಾವಿಗೆ ಮರಳಿ, ರಾಮತೀರ್ಥ ನಗರದ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಗಾದಿಗಳನ್ನು ಬಡಿದು, ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದಳು. ಮನೆಯಲ್ಲಿ ಅವಳು ಮತ್ತು ತಾಯಿ ಕರೀಮುನ್ನಿಸಾ, ಇಬ್ಬರೇ.

ರೋಹನನ ಅಜ್ಜ ಜೀವಮಾನದಲ್ಲಿ ಒಂದೇ ಒಂದು ಸಿನಿಮಾ ಮಾಡಿದ್ದ. ಹೆಸರು 'ಕರಿಗವಿ ಮೃಗ'. ಖಾನಾಪುರದ ಕಾಡಿನಲ್ಲಿ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ತೆಗೆದದ್ದು. ಗವಿಯೊಳಗಿನ ಮೃಗವೊಂದು, ಅರ್ಧ ಮನುಷ್ಯ ಅರ್ಧ ಪ್ರಾಣಿ, ಹೊತ್ತಿಲ್ಲದ ಹೊತ್ತಿನಲ್ಲಿ ಕೂಗುತ್ತ ಊರವರನ್ನು ಕಾಡುವ ಕತೆ. ಮೃಗದ ಪಾತ್ರಧಾರಿಯ ಬೆನ್ನ ಮೇಲೆ ಆಡಿನ ತೊಗಲಿನ ಹೊಲಿಗೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಆದರೂ ಆ ಕಾಲದ ಜನ ಅದನ್ನು ನೋಡಿ ಬೆವತು ಹೋಗಿದ್ದರಂತೆ.

"ಸಿನಿಮಾ ಮತ್ತ ಥೇಟರಿಗೆ ಬಿಡಾಕ ಚಿತ್ರ ಎಲ್ಲಾ ಚೆನ್ನೈದಾಗ ಸ್ವಚ್ಛ ಮಾಡಿಸೇನ್ರಿ," ಎಂದ ರೋಹನ. "ಇನ್ನ ಶಬ್ದ ನಿಮ್ಮ ಕೈಯಾಗ ಐತಿ. ಈಗಿನ ಹುಡುಗೂರು ಆ ತೊಗಲು ನೋಡಿ ನಗತಾರ, ನಗಲಿ. ಆದ್ರ ಕೂಗು ಬಂದ ಕೂಡ್ಲೇ ನಗೂದು ನಿಲ್ಲಬೇಕು. ಥೇಟರಿನ ನಾಲ್ಕೂ ಬಾಜೂದಿಂದ ಬರಬೇಕದು."

ಆ ಕೂಗನ್ನು ಅರ್ಶಿಯಾ ಮೊದಲ ಸಲ ಕೇಳಿದಾಗ ಅವಳ ಕೈಯ ಕೂದಲು ನೆಟ್ಟಗಾಯಿತು. ಹುಲಿಯ ದನಿ, ಹಂದಿಯ ದನಿ, ತುಕ್ಕು ಹಿಡಿದ ಬಾಗಿಲಿನ ಕಿರುಗುಟ್ಟುವಿಕೆ, ಎಲ್ಲವನ್ನೂ ಕಲಸಿ ರಾಕ್ಷಸರ ಗರ್ಜನೆ ಮಾಡಿದವಳು ಅವಳು. ಇದು ಅಂಥದ್ದಲ್ಲ. ಎದೆಯ ತಳದಿಂದ ಎಳೆದೆಳೆದು ಬರುವ, ಕೊನೆಯಲ್ಲಿ ಮುರಿದು ಬೀಳುವ ದನಿ. ಸಿನಿಮಾದಲ್ಲಿ ಅದು ಏಳು ಸಲ ಬರುತ್ತಿತ್ತು.

ಹಾಳಾದ ಸಿನಿಮಾ ರೀಲಿಗಿಂತ ಮೂಲ ಧ್ವನಿಮುದ್ರಣ ಸಿಕ್ಕರೆ ಒಳ್ಳೆಯದೆಂದು ಅವಳು ಎರಡನೆಯ ಟ್ರಂಕಿನಲ್ಲಿ ಹುಡುಕಿದಳು. ತಳದಲ್ಲಿ ಒಂದು ಟೇಪು ಸಿಕ್ಕಿತು. ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಕೂಗು. ಖಾನಾಪುರ ಕಾಡು. ಮೇ ೭೯.' ಕೆಳಗೆ ಇನ್ನೊಂದು ಸಾಲು: 'ಅರ್ಧ ವೇಗಕ್ಕೆ ಇಳಿಸುವುದು.'

ಗೆಳೆಯರೊಬ್ಬರ ಬಳಿಯಿದ್ದ ಹಳೆಯ ಟೇಪ್ ಯಂತ್ರ ತರಿಸಿಕೊಂಡು, ವೇಗ ಇಳಿಸದೆ, ಇದ್ದದ್ದನ್ನು ಇದ್ದ ಹಾಗೇ ಹಚ್ಚಿದಳು.

ಒಬ್ಬ ಹೆಂಗಸಿನ ದನಿ. "ಪರಶ್ಯಾ... ಏ ಪರಶ್ಯಾ... ಎಲ್ಲಿದ್ದೀಯೋ ನನ್ನಪ್ಪಾ..."

ಮೂರು ಸಲ. ತಾಸುಗಟ್ಟಲೆ ಕರೆದು ಕರೆದು ಗಂಟಲು ಹರಿದವಳ ದನಿ. ಕಳೆದುಹೋದ ಮಗನನ್ನು ಕಾಡಿನಲ್ಲಿ ಹುಡುಕುತ್ತಿರುವ ತಾಯಿ. ಅದನ್ನು ನಿಧಾನ ಮಾಡಿ ಮೃಗದ ಬಾಯಿಗೆ ಹಾಕಿದ್ದರು.

ಅರ್ಶಿಯಾ ಹೆಡ್‌ಫೋನು ತೆಗೆದಿಟ್ಟಳು. ಹೊರಗೆ ಬಿಸಿಲಲ್ಲಿ ತರಕಾರಿ ಗಾಡಿಯವನು ಧ್ವನಿವರ್ಧಕದಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ. ರೋಹನನಿಗೆ ಫೋನು ಮಾಡಬೇಕೆಂದು ಮೊಬೈಲು ಎತ್ತಿಕೊಂಡವಳು ಹಾಗೇ ಕೆಳಗಿಟ್ಟಳು. ಅವನು ಕೆಟ್ಟವನಲ್ಲ. ಆದರೆ ವಿಷಯ ಗೊತ್ತಾದರೆ ನಾಳೆಯೇ ಪೋಸ್ಟರಿನ ಮೇಲೆ ಅಚ್ಚು ಹಾಕಿಸುವವ.

ಎರಡು ದಿನ ಕೆಲಸ ಮುಟ್ಟಲಿಲ್ಲ. ಆದರೆ ಕೂಗು ಅವಳನ್ನು ಬಿಡಲಿಲ್ಲ. ಕುಕ್ಕರಿನ ಸೀಟಿಯ ಕೊನೆಯಲ್ಲಿ, ಪಕ್ಕದ ಮನೆಯ ಗೇಟು ಎಳೆಯುವಾಗ, ಅಮ್ಮಿ ನಲ್ಲಿ ತಿರುಗಿಸುವಾಗ, ಎಲ್ಲಿಂದಲೋ 'ನನ್ನಪ್ಪಾ' ಎನ್ನುವುದು ತೇಲಿ ಬರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಮುದುಕನನ್ನು ಕೇಳಿದಳು. "ಅಜ್ಜಾರ, ಎಪ್ಪತ್ತೊಂಬತ್ತರಾಗ ಇಲ್ಲಿ ಸಿನಿಮಾದವರು ಬಂದಾಗ ಪರಶ್ಯಾ ಅಂತ ಒಂದು ಹುಡುಗ ಕಳದಿದ್ದನೇನ್ರಿ?"

ಮುದುಕ ಚಹಾ ಸೋಸುವುದನ್ನು ನಿಲ್ಲಿಸಿದ. "ಭರಮವ್ವನ ಮಗ. ಸಿಗಲಿಲ್ಲರಿ ಅಂವ. ಸಿನಿಮಾದವರೂ ಎರಡು ದಿನ ಕೆಲಸ ಬಿಟ್ಟು ಹುಡುಕಿದ್ರು. ಒಂದು ಚಪ್ಪಲಿ ಸೈತ ಸಿಗಲಿಲ್ಲ." ಬಟ್ಟಲು ಮುಂದಿಟ್ಟು ಸೇರಿಸಿದ, "ಆಕಿ ಇನ್ನೂ ಅದಾಳ್ರಿ. ಹಂಚಿನ ಭಟ್ಟಿ ಹಿಂದ ಮನಿ."

ಭರಮವ್ವ ಅಂಗಳದ ಬಿಸಿಲಿನಲ್ಲಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಎಪ್ಪತ್ತೇಳು ವರ್ಷ, ಬೆನ್ನು ಬಾಗಿತ್ತು, ಕಣ್ಣು ಮಾತ್ರ ನೆಟ್ಟಗಿದ್ದವು. ಮಗಳು ಸಾತವ್ವ ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು. ಆಕೆಗೂ ಐವತ್ತು ದಾಟಿತ್ತು. ಹಂಚಿನ ಕಾರ್ಖಾನೆಯಲ್ಲಿ ದುಡಿದು ಗಟ್ಟಿಯಾದ ಕೈಗಳು. ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆಯೇ ಇದ್ದಳು.

ಅರ್ಶಿಯಾ ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡ ಮಾತನ್ನು ಹೇಳಿದಳು. "ಆಯೀ, ನಿಮ್ಮನ್ನ ಒಂದು ಮಾತು ಕೇಳದನ ನಿಮ್ಮ ದನಿ ಆ ಸಿನಿಮಾದಾಗ ಹಾಕ್ಯಾರ. ಮೃಗದ ಕೂಗು ಮಾಡ್ಯಾರ. ಈಗ ಸಿನಿಮಾ ಮತ್ತ ಬರತೈತಿ. ನಾ ಅದನ್ನ ತಗದು ಬ್ಯಾರೆ ಹಾಕ್ತೇನಿ. ಅಷ್ಟು ಹೇಳಾಕ ಬಂದೇನ್ರಿ."

ಸಾತವ್ವ ನಿಂತಲ್ಲೇ ನಿಂತಳು. ಭರಮವ್ವ ಕೈಯಲ್ಲಿದ್ದ ಹುಣಸೆಬೀಜವನ್ನು ಬುಟ್ಟಿಗೆ ಹಾಕಿದಳು.

"ನಂಗ ಗೊತ್ತೈತಿ, ಯವ್ವಾ," ಎಂದಳು.

"ನಿಮಗ ಗೊತ್ತಿತ್ತರಿ?"

"ಮುಂದಿನ ವರ್ಷ ಇಲ್ಲಿ ಟೆಂಟಿನಾಗ ಆ ಸಿನಿಮಾ ಬಂತು. ನಮ್ಮ ಕಾಡ ತಗದಾರ ಅಂದ್ರು. ಎಲ್ಲ್ಯಾರ ಒಂದು ಮೂಲ್ಯಾಗ, ಗಿಡದ ಹಿಂದ, ನನ್ನ ಪರಶ್ಯಾ ಕಂಡಾನು ಅಂತ ಹೋಗಿದ್ನಿ. ಅಂವ ಕಾಣಲಿಲ್ಲ. ಆ ಕೂಗು ಬಂತು. ಮಂದಿ ಎಲ್ಲಾ ಹೆದರಿ ಮಕ್ಕಳನ್ನ ಅವಚಿಕೊಂಡ್ರು. ನಾ ಎದ್ದು ನಿಂತ್ನಿ. ನನ್ನ ಮಗ ದೊಡ್ಡಾಂವ ಆಗ್ಯಾನ, ಗಡಸು ದನೀಲೇ ಓ ಅನ್ನಾಕತ್ತಾನ ಅಂತ ತಿಳದ್ನಿ." ಭರಮವ್ವ ನಕ್ಕಳೋ ಉಸಿರು ಬಿಟ್ಟಳೋ ತಿಳಿಯಲಿಲ್ಲ. "ಎರಡನೇ ದಿನ ಮತ್ತ ಹೋದ್ನಿ. ಅವತ್ತ ಗುರ್ತು ಹತ್ತಿತು. ನನ್ನ ದನಿ ನನಗ ಗೊತ್ತಾಗೂದಿಲ್ಲೇನ?"

"ಸಿಟ್ಟು ಬರಲಿಲ್ಲೇನ್ರಿ ಆಯೀ?"

"ಬಂತು. ಆದ್ರ ಮರುದಿನ ಮತ್ತ ಹೋದ್ನಿ. ಹತ್ತೊಂಬತ್ತು ದಿನ ನಡೀತು, ಹತ್ತೊಂಬತ್ತೂ ದಿನ ಹೋದ್ನಿ." ಅವಳು ಕೈ ಒರೆಸಿಕೊಂಡು ಅರ್ಶಿಯಾಳ ಮೊಣಕಾಲಿನ ಮೇಲೆ ಇಟ್ಟಳು. "ನನ್ನ ಗಂಟಲಾ ಹತ್ತು ದಿನಕ್ಕ ಕಟ್ಟಿತು. ಊರವರು ತಿಂಗಳಿಗೆ ಹುಡುಕೂದು ಬಿಟ್ರು. ನನ್ನ ಗಂಡ ವರ್ಷಕ್ಕ ಬಿಟ್ಟ. ಸಿನಿಮಾದಾಗಿನ ಆ ಕೂಗೊಂದು ಮಾತ್ರ ಬಿಡಲಿಲ್ಲ ನೋಡ. ಊರೂರಿಗೆ ಹೋಗಿ ನನ್ನ ಮಗನ್ನ ಕರೀತಿತ್ತು. ತಗೀಬ್ಯಾಡ, ಯವ್ವಾ. ಜೋರ ಮಾಡಿ ಇಡು."

ರಸ್ತೆಯವರೆಗೆ ಸಾತವ್ವ ಕಳಿಸಲು ಬಂದಳು. ಭಟ್ಟಿಯ ಗೋಡೆ ದಾಟಿದ ಮೇಲೆ, ಯಾರೂ ಕೇಳದೆಯೇ, ತಾನಾಗಿ ಹೇಳಿದಳು. "ಅವನ್ನ ಕವಳಿ ಹಣ್ಣಿಗೆ ಕರಕೊಂಡು ಹೋದಾಕಿ ನಾನರಿ. ನನಗ ಎಂಟು, ಅಂವಗ ಐದು. ಶೂಟಿಂಗ್‌ದಾಗ ಕುಣ್ಯಾಕತ್ತಾರ ಅಂತ ಓಡಿದ್ನಿ. ಅಂವಗ, ಇಲ್ಲೇ ನಿಂದರು, ಬರತೇನಿ ಅಂದಿದ್ನಿ." ಅಷ್ಟು ಹೇಳಿ ಸೆರಗು ಹೊದ್ದುಕೊಂಡು ತಿರುಗಿ ಹೋದಳು.

ಭರಮವ್ವನೇ ಹೇಳಿದ ಮೇಲೆ ಅರ್ಶಿಯಾ ಮನಸ್ಸಿಟ್ಟು ಕೆಲಸಕ್ಕೆ ಕುಳಿತಳು. ಮೂಲ ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಮೇಲೆ ಕುಳಿತಿದ್ದ ಜಿರಿಜಿರಿ ಸದ್ದನ್ನು ಪದರ ಪದರವಾಗಿ ತೆಗೆಯತೊಡಗಿದಳು. ಮೂರನೆಯ ಕರೆಯ ನಂತರವೂ ಟೇಪು ಮುಕ್ಕಾಲು ನಿಮಿಷ ಓಡಿತ್ತು. ರೆಕಾರ್ಡಿಂಗ್ ಮಾಡುವವನು ಯಂತ್ರ ನಿಲ್ಲಿಸುವುದನ್ನು ಮರೆತಿದ್ದನೋ ಏನೋ. ಆ ಭಾಗ ಸಿನಿಮಾಕ್ಕೆ ಬಳಸಿರಲಿಲ್ಲ. ಅಲ್ಲಿ ಹಕ್ಕಿಗಳು, ಯಾರದೋ ಕೆಮ್ಮು, ಒಣ ಎಲೆ ತುಳಿದ ಸದ್ದು. ಅದನ್ನೂ ಸ್ವಚ್ಛ ಮಾಡಿದಳು. ಏಕೆ ಮಾಡಿದಳೋ ಅವಳಿಗೇ ತಿಳಿಯದು. ಆಮೇಲೆ ಸ್ಪೀಕರಿನಲ್ಲಿ ಹಚ್ಚಿದಳು.

ಹಿಂದೆ ಬಾಗಿಲಲ್ಲಿ ಬಟ್ಟಲುಗಳ ಸದ್ದಾಯಿತು. ಕರೀಮುನ್ನಿಸಾ ಹನ್ನೊಂದು ಗಂಟೆಯ ಚಹಾ ತಂದಿದ್ದಳು. ಮಗಳ ಕೆಲಸದ ವಿಷಯ ಆಕೆಗೆ ಏನೂ ತಿಳಿದಿರಲಿಲ್ಲ.

"ಕಿಸ್ಕಾ ಬಚ್ಚಾ ಹೈ ಯೇ?" ಎಂದಳು, ಯಾರ ಮಗು ಇದು ಎಂದು.

"ಕೌನ್ ಬಚ್ಚಾ, ಅಮ್ಮೀ?"

"ಅಭೀ ರೋಯಾ ನಾ. ದೂರ್ ಸೇ." ಈಗ ಅತ್ತಿತಲ್ಲ, ದೂರದಿಂದ, ಎಂದಳು ತಾಯಿ.

ಅರ್ಶಿಯಾ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಕೆಮ್ಮು, ಎಲೆ, ಒಂದು ಹಕ್ಕಿ, ಆಮೇಲೆ ಬಹಳ ದೂರದಲ್ಲಿ ಒಂದು ಎಳೆಯ ದನಿ. ಒಂದೇ ಸಲ. ಒಂದೇ ಪದ. ಕಾಡಿನಲ್ಲಿ ನಿಂತಿದ್ದ ಯಾರ ಕಿವಿಗೂ ಬೀಳದ್ದು, ಮೈಕಿಗೆ ಬಿದ್ದಿತ್ತು. ನಲವತ್ತಾರು ವರ್ಷ ಟ್ರಂಕಿನ ತಳದಲ್ಲಿ ಕುಳಿತಿತ್ತು.

ಚಹಾ ಆರಿತು. ಅಳಿಸಿಬಿಡಲೇ ಎಂದುಕೊಂಡಳು. ಭರಮವ್ವನಿಗೆ ಕೇಳಿಸಿದರೆ ಆ ಜೀವ ತಡೆದೀತೇ? ಮಗ ಅಷ್ಟು ಹತ್ತಿರ ಇದ್ದ, ಓಗೊಟ್ಟಿದ್ದ, ತನಗೆ ಕೇಳಲಿಲ್ಲ ಎಂದು ತಿಳಿದ ಮೇಲೆ ಮುದುಕಿ ಒಂದು ದಿನವಾದರೂ ನೆಮ್ಮದಿಯಿಂದ ಇದ್ದಾಳೇ? ಹಾಗೆಂದು ಮುಚ್ಚಿಡಲು ತಾನು ಯಾರು? ನಾಲ್ಕು ದಿನ ಇದೇ ತೂಗುಯ್ಯಾಲೆ. ಐದನೆಯ ದಿನ ಸಾತವ್ವನಿಗೆ ಫೋನು ಮಾಡಿ, ಮನೆಯಲ್ಲಿ ಬೇಡ, ಹೊಳೆಯ ಹತ್ತಿರ ಬನ್ನಿ ಎಂದಳು.

ಮಲಪ್ರಭೆಯ ಘಟ್ಟದ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಕೆಳಗೆ ಹೆಂಗಸರು ಕೌದಿ ಒಗೆಯುತ್ತಿದ್ದರು.

"ಸಾತಕ್ಕಾ, ಇದು ಖರೇನೋ ಸುಳ್ಳೋ ನಾ ಹೇಳಲಾರೆ," ಎಂದಳು ಅರ್ಶಿಯಾ. "ಈ ಯಂತ್ರಗೋಳು ಒಮ್ಮೊಮ್ಮೆ ಇಲ್ಲದ್ದನ್ನೂ ಕೇಳಿಸ್ತಾವ. ಹಕ್ಕಿನೂ ಇರಬಹುದು. ಬ್ಯಾಡ ಅಂದ್ರ ಇಲ್ಲೇ ಅಳಿಸಿ ಹೋಗ್ತೇನಿ."

ಸಾತವ್ವ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ತಾಯಿಯ ಕರೆ ಬಂದಾಗ ಕಣ್ಣು ಮುಚ್ಚಿದಳು. ಮುಕ್ಕಾಲು ನಿಮಿಷ ಮುಗಿದ ಮೇಲೂ ತೆಗೆಯಲಿಲ್ಲ. ಕೆಳಗೆ ಕೌದಿ ಬಡಿಯುವ ಸದ್ದು ಎದುರಿನ ದಂಡೆಗೆ ಹೋಗಿ ಮರಳಿ ಬರುತ್ತಿತ್ತು.

"ಅವ್ವಾ ಅನಲಿಲ್ಲರಿ ಅಂವ," ಎಂದಳು ಕಡೆಗೆ. "ಅಕ್ಕಾ ಅಂದ."

ಅರ್ಶಿಯಾಳಿಗೂ ಹಾಗೇ ಕೇಳಿತ್ತು.

"ಅವ್ವಗ ಹೇಳಬ್ಯಾಡ್ರಿ, ಮೇಡಮ್ಮಾರ. ಕರೀಯೂದು ಆಕೀದು. ಇದು ನನ್ನ ಪಾಲಿಂದು." ಸೆರಗಿನ ಗಂಟಿನಿಂದ ತನ್ನ ಸಣ್ಣ ಮೊಬೈಲು ತೆಗೆದು ಮುಂದೆ ಚಾಚಿದಳು. "ಇದರಾಗ ಹಾಕಿ ಕೊಡ್ರಿ."

ಹಾಕಿ ಕೊಟ್ಟಳು. ತಪ್ಪು ಮಾಡಿದೆನೋ ಎನ್ನುವ ಅಳುಕು ಬೆಳಗಾವಿ ಮುಟ್ಟುವವರೆಗೂ ಅವಳ ಪಕ್ಕದಲ್ಲೇ ಕುಳಿತು ಬಂತು.

ಜೂನಿನಲ್ಲಿ ಸಿನಿಮಾ ತೆರೆಗೆ ಬಂತು. ಮೊದಲ ಮಧ್ಯಾಹ್ನದ ಆಟಕ್ಕೆ ಅರ್ಶಿಯಾ ತಾಯಿ ಮಗಳಿಬ್ಬರನ್ನೂ ಬೆಳಗಾವಿಗೆ ಕರೆಸಿದಳು. ಕಾಲೇಜು ಹುಡುಗರೇ ತುಂಬಿದ್ದರು. ರೋಹನ ಎಣಿಸಿದ ಹಾಗೆಯೇ ಆಡಿನ ತೊಗಲಿಗೆ ನಗೆ ಎದ್ದಿತು, ಶಿಳ್ಳೆ ಬಿತ್ತು. ಆಗ ಮೊದಲ ಕೂಗು ಬಂತು. ಹಿಂದಿನಿಂದ, ಮೇಲಿನಿಂದ, ಕುರ್ಚಿಗಳ ಕೆಳಗಿನಿಂದ ಎದ್ದು ಬಂದ ಹಾಗೆ. ನಗುತ್ತಿದ್ದ ಬಾಯಿಗಳು ತೆರೆದಂತೆಯೇ ನಿಂತವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಗೆಳತಿಯ ತೋಳು ಹಿಡಿದುಕೊಂಡಳು. ಅಷ್ಟು ಜನರ ನಡುವೆ ಹೆದರದೆ ಕುಳಿತವಳು ಭರಮವ್ವ ಒಬ್ಬಳೇ. ಏಳೂ ಸಲ ಅವಳ ತುಟಿ ಕೂಗಿನ ಜೊತೆ ಅಲುಗಿದವು. ಸಾತವ್ವ ಮಾತ್ರ ಪರದೆ ನೋಡದೆ, ಪ್ರತಿ ಕೂಗು ಮುಗಿದ ಮೇಲೂ ಕತ್ತು ವಾಲಿಸಿ ಏನನ್ನೋ ಕಾಯುತ್ತಿದ್ದಳು.

ಹೊರಗೆ ಬಂದ ಮೇಲೆ ಭರಮವ್ವ ಸೋಡಾ ಬೇಕೆಂದಳು. ಕುಡಿದು, ಅರ್ಶಿಯಾಳ ಗಲ್ಲ ಸವರಿ, "ದನಿ ಇನ್ನೂ ಗಟ್ಟಿ ಐತಿ ನೋಡ ನಂದು," ಎಂದಳು.

ಸಿನಿಮಾ ಚೆನ್ನಾಗಿ ಓಡಿತು. ಎರಡನೆಯ ಭಾಗ ತೆಗೆಯೋಣ, ಹೊಸ ಕೂಗು ಮಾಡಿ ಕೊಡಿ ಎಂದು ರೋಹನ ಬಂದ. ಆಗುವುದಿಲ್ಲ ಎಂದು ಅರ್ಶಿಯಾ ಟ್ರಂಕುಗಳನ್ನು ಹೊರಿಸಿ ಕಳಿಸಿದಳು. ಕಂಪ್ಯೂಟರಿನಲ್ಲಿ ಆ ಮೂರು ಕರೆ, ಆಮೇಲಿನ ಮುಕ್ಕಾಲು ನಿಮಿಷ ಮಾತ್ರ ಉಳಿದವು.

ಆಗಸ್ಟಿನ ಒಂದು ಮುಂಜಾನೆ ಸಾತವ್ವನ ಫೋನು ಬಂತು. ದನಿ ತೀರ ಮೆತ್ತಗಿತ್ತು, ಒಂದು ಬಗೆಯ ಹಿಗ್ಗೂ ಇತ್ತು.

"ಮೇಡಮ್ಮಾರ, ಅವ್ವ ಜಳಕಕ್ಕ ಹೋದಾಗ ದಿನಾ ಹಚ್ಚಿ ಕೇಳತೇನ್ರಿ. ಒಂದು ಮಾತು ಕೇಳೂದಿತ್ತು. ಮೊದಲ ಅಂವ ಒಂದ ಸಲ ಅಲ್ಲೇನ್ರಿ ಕರೀತಿದ್ದ?"

"ಹೌದು, ಸಾತಕ್ಕಾ. ಒಂದ ಸಲ."

"ಈಗ ಎರಡು ಸಲ ಕರ್ಯಾಕತ್ತಾನ್ರಿ. ಎರಡನೇದ್ದು ತುಸು ಹತ್ತರ ಐತಿ."

ಫೋನಿಟ್ಟ ಮೇಲೆ ಅರ್ಶಿಯಾ ಹಿಂದಿನ ಕೋಣೆಗೆ ಹೋಗಿ ಕಂಪ್ಯೂಟರು ಹಚ್ಚಿ ಆ ಫೈಲು ತೆರೆದಳು. ಪರದೆಯ ಮೇಲೆ ಹಸಿರು ಗೆರೆ ಹರಡಿತು. ಮೂರು ದೊಡ್ಡ ಉಬ್ಬುಗಳು, ಕೆಮ್ಮು, ಎಲೆ, ಆಮೇಲೆ ಆ ಸಣ್ಣ ಉಬ್ಬು. ಬೆರಳಿಟ್ಟು ನೋಡಿದಳು. ಒಂದೇ ಇತ್ತು.

ಹಚ್ಚಿ ಕೇಳುವ ಧೈರ್ಯ ಮಾತ್ರ ಅವಳಿಗೆ ಆಗಲಿಲ್ಲ.