ಟ್ರಂಕಿನ ಕೀಲಿ ಮತ್ತು ಹೊರಕಟ್ಟೆಯ ಗಡಿಗೆ

ನಾನು ಒಂದು ಗಡಿಗೆ. ನಿಜ ಹೇಳಬೇಕೆಂದರೆ ಎರಡು. ದೊಡ್ಡದೊಂದು, ಅದರ ಹೊಟ್ಟೆಯಲ್ಲಿ ಸಣ್ಣದೊಂದು, ನಡುವೆ ಒದ್ದೆ ಉಸುಕು. ಮಾತಾಡುವುದು ದೊಡ್ಡದಾದ ನಾನೇ. ಒಳಗಿನದು ಮೊದಲಿನಿಂದಲೂ ಮೂಕ.

ಇಳಕಲ್ಲಿನ ಆಚೆ ಒಂದು ಕೆರೆಯಂಗಳದ ಮಣ್ಣು ನನ್ನದು. ಕುಂಬಾರ ಈರಪ್ಪ ನನ್ನನ್ನು ತುಳಿದು ಹದ ಮಾಡಿದ, ತಿಗರಿಯ ಮೇಲೆ ತಿರುಗಿಸಿದ, ಹಲಗೆಯಿಂದ ಬಡಿದ, ಆವಿಗೆಯಲ್ಲಿ ಸುಟ್ಟ. ಆರಿದ ಮೇಲೆ ಬೆರಳು ಮಡಚಿ ತಟ್ಟಿ, "ಕಂಚಿನಂಗ ದನಿ ಐತಿ ನೋಡು" ಎಂದ. ಅಂದಿನಿಂದ ನನಗೆ ಸ್ವಲ್ಪ ಸೊಕ್ಕು.

ಮೊದಲು ನನ್ನನ್ನು ಕೊಂಡವನು ಕ್ಷೌರದ ಅಂಗಡಿಯ ಸಂಗಪ್ಪ. ಒಂದು ಬೇಸಿಗೆ ಪೂರ್ತಿ ಅವನ ಗಿರಾಕಿಗಳಿಗೆ ತಣ್ಣೀರು ಕೊಟ್ಟೆ. ಮರುವರ್ಷ ಪ್ಲಾಸ್ಟಿಕ್ ಕ್ಯಾನು ಬಂತು, ನನ್ನನ್ನು ಹಿತ್ತಿಲಲ್ಲಿ ಬೋರಲು ಹಾಕಿದ. ಒಂದು ಮುಂಜಾನೆ ಓಣಿಯ ನೇಕಾರ್ತಿ ಶಾರವ್ವ ಬಂದಳು. ಕಣ್ಣು ಕೆಂಪಾಗಿದ್ದವು.

"ಅಣ್ಣಾ, ನಮ್ಮ ಪದ್ದಿಗೆ ಸಕ್ರಿ ಬ್ಯಾನಿ ಬಂದೈತಿ. ಇನ್ಸುಲಿನ್ ಬಾಟ್ಲಿ ತಂಪಿನಾಗ ಇಡಬೇಕಂತ. ಮನ್ಯಾಗ ಫ್ರಿಜ್ ಎಲ್ಲಿಂದ ತರ್ಲಿ? ಗಡಿಗ್ಯಾಗ ಗಡಿಗಿ ಇಟ್ಟು ಉಸುಕು ತುಂಬ್ರಿ ಅಂದಾರ ಸಿಸ್ಟರ್."

"ಒಯ್ಯಬೇ ಯಕ್ಕಾ, ಖಾಲಿ ಕುಂತೈತಿ ಇದು" ಎಂದು ಸಂಗಪ್ಪ ನನ್ನನ್ನು ಎತ್ತಿ ಅವಳ ಸೊಂಟಕ್ಕೆ ಕೊಟ್ಟ.

ಆ ಮನೆಯಲ್ಲಿ ಮೂವರು ಹೆಂಗಸರು. ಗಂಡ ತೀರಿಹೋದ ಮೇಲೆ ಮಗ್ಗದ ಕೆಲಸಕ್ಕೆ ಹೋಗುವ ಶಾರವ್ವ. ಅವಳ ಅತ್ತೆ ಕಾಶವ್ವ. ಮದುವೆ ಮನೆಗಳಿಗೆ ಹೋಳಿಗೆ ತಟ್ಟಿ ಕೊಡುವವಳು. ಮತ್ತು ಶಾರವ್ವನ ಮಗಳು ಪದ್ಮಾವತಿ, ಎಲ್ಲರ ಬಾಯಲ್ಲಿ ಪದ್ದಿ, ಆಗ ಹನ್ನೆರಡು ವರ್ಷದವಳು. ನನ್ನ ಹೊಟ್ಟೆಗೆ ಒಂದು ಸಣ್ಣ ಗಡಿಗೆ ಇಳಿಸಿ, ನಡುವೆ ಉಸುಕು ತುಂಬಿ, ಅಡುಗೆಮನೆಯಲ್ಲಿ ದೇವರ ಜಗಲಿಯ ಕೆಳಗೆ ಇಟ್ಟರು. ಮನೆಯಲ್ಲೇ ತಂಪಾದ ಮೂಲೆ ಅದು. ನನ್ನ ತಲೆಯ ಮೇಲೆ ಒಂದು ಮೊಳೆ, ಮೊಳೆಗೆ ಒಂದು ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್. ಪದ್ದಿ ಬೆರಳು ಚುಚ್ಚಿ ಮಷಿನ್ನಿನಲ್ಲಿ ನೋಡಿ ಅಂಕಿ ಬರೆಯುತ್ತಿದ್ದಳು. ಆಮೇಲೆ ನನ್ನ ಹೊಟ್ಟೆಯಿಂದ ಬಾಟಲಿ ತೆಗೆದು ಸೂಜಿ ಹಾಕಿಕೊಳ್ಳುತ್ತಿದ್ದಳು. ಅಂಕಿ ಏರಿದರೆ ಮೈ ಒಳಗೊಳಗೇ ಹಾಳಾಗುತ್ತದೆ. ತೀರಾ ಇಳಿದರೆ ಕೂತಲ್ಲೇ ಎಚ್ಚರ ತಪ್ಪಿ ಜೀವ ಹೋದೀತು. ಇಷ್ಟು ನನಗೂ ಗೊತ್ತಾಯಿತು. ಆ ಹುಡುಗಿ ಬದುಕುತ್ತಿದ್ದದ್ದು ನನ್ನ ತಂಪಿನ ಮೇಲೆ. ಉಸುಕು ಒಣಗುವಂತಾದರೆ ಸಾಕು, ನನಗೆ ದಿಗಿಲು.

ಒಂದು ವರ್ಷ ನೆಟ್ಟಗೆ ನಡೆಯಿತು. ಆಮೇಲೆ ಪದ್ದಿ ದೊಡ್ಡವಳಾದಳು. ಅಂಕಿಗಳಿಗೆ ಹುಚ್ಚು ಹಿಡಿಯಿತು.

ಆ ಮನೆಯ ರೀತಿ ಹೀಗೆ. ಮುಟ್ಟಾದವಳು ಮೂರು ದಿನ ಹೊರಗಿನ ಕಟ್ಟೆಯ ಮೇಲೆ ಇರಬೇಕು. ಅಡುಗೆಮನೆಯ ಹೊಸ್ತಿಲು ದಾಟಬಾರದು. ಅವಳು ಮುಟ್ಟಿದ ತಾಮ್ರ, ಹಿತ್ತಾಳೆಯನ್ನು ತೊಳೆದು ಒಳಗೆ ತರಬಹುದು. ಮಣ್ಣಿನದನ್ನು ತೊಳೆದರೂ ಉಪಯೋಗವಿಲ್ಲ, ತಿಪ್ಪೆಗೆ ಎಸೆಯಬೇಕು. ಇದನ್ನು ಕೇಳಿದ ದಿನ ನನ್ನ ಮೈ ಬೆವರಿತು. ನಾನು ಬೆವರುವ ಜಾತಿಯೇ, ಆದರೆ ಅದು ಬೇರೆ ಬೆವರು.

ಆ ಮೂರು ದಿನ ಕಾಶವ್ವ ಬಾಟಲಿಯನ್ನು ತೆಗೆದು ಹೊಸ್ತಿಲಾಚೆ ನೆಲದ ಮೇಲೆ ಇಡುವಳು. ಪದ್ದಿ ಸೂಜಿ ಹಾಕಿಕೊಂಡು ಬಾಟಲಿಯನ್ನು ನೆಲಕ್ಕೆ ಇಡುವಳು. ಕಾಶವ್ವ ನೀರು ಚಿಮುಕಿಸಿ ಒಳಗೆ ತರುವಳು. ನೋಟ್‌ಬುಕ್ ಜಗಲಿಯ ಕೆಳಗೆ ಇತ್ತಲ್ಲ, ಅದನ್ನೂ ಪದ್ದಿ ಮುಟ್ಟುವ ಹಾಗಿಲ್ಲ. ಅವಳು ಹೊರಗಿನಿಂದ ಅಂಕಿ ಕೂಗುವಳು, ಕಾಶವ್ವ ಬರೆಯುವಳು. ಕಾಶವ್ವ ಎರಡನೆಯ ಇಯತ್ತೆ ಓದಿದವಳು, ಅವಳಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ ಅಂಕಿ ಮಾತ್ರ, ಇಂಗ್ಲಿಷ್ ಅಂಕಿ ಓದಲಷ್ಟೇ ಬರುತ್ತಿತ್ತು. ಹಾಗಾಗಿ ಆ ಪುಸ್ತಕದಲ್ಲಿ ತಿಂಗಳೆಲ್ಲ ಪದ್ದಿಯ 150, 180. ನಡುವೆ ಮೂರು ದಿನ ಕಾಶವ್ವನ ಸೊಟ್ಟ ೭೨, ೬೫.

ಮುಟ್ಟಿಗೆ ನಾಲ್ಕೈದು ದಿನ ಮೊದಲು ಮಾತ್ರ ಪದ್ದಿಯ ಅಂಕಿ ಮುನ್ನೂರು ದಾಟುತ್ತಿತ್ತು. ಪ್ರತಿ ತಿಂಗಳೂ. ನಾನು ನೋಡುತ್ತಿದ್ದೆ. ನನಗೆ ಅಗಲವಾದ ಬಾಯಿ ಇದೆ, ಮಾತಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮೊದಲ ಆರೋಪ ನನ್ನ ಮೇಲೆ ಬಂತು. "ಈ ಗಡಿಗಿ ತಂಪ ಹಿಡಿಯಾಂಗಿಲ್ಲ, ಔಷಧ ಕೆಡಾಕತ್ತೈತಿ" ಎಂದಳು ಶಾರವ್ವ. ಉಸುಕು ಬದಲಾಯಿಸಿದರು, ದಿನಕ್ಕೆ ಮೂರು ಸಲ ನೀರು ಹೊಯ್ದರು. ನಾನು ನಡುಗುವಷ್ಟು ತಣ್ಣಗಿದ್ದೆ. ಮುಂದಿನ ತಿಂಗಳು ಮತ್ತೆ ಮುನ್ನೂರು.

ಆಸ್ಪತ್ರೆಯ ಡಾಕ್ಟರಮ್ಮ ಕೊನೆಯ ಪುಟ ನೋಡಿ, "ಸಿಹಿ ತಿಂತಿದಾಳೆ, ನಿಗಾ ಇಡಿ" ಎಂದರಂತೆ. ಡೋಸು ಏರಿಸಿ ಕಳುಹಿಸಿದರಂತೆ.

ಕಾಶವ್ವನಿಗೆ ಅಷ್ಟೇ ಸಾಕಾಯಿತು. ಹೋಳಿಗೆ ತಟ್ಟುತ್ತಲೇ ಸೊಸೆಗೆ ಹೇಳಿದಳು: "ನಾ ಮೊದಲಽ ಅಂದಿದ್ನೆ. ನೋಡು, ಹೊರಗ ಕುಂತಾಗ ಮೂರು ದಿನ ಸಕ್ರಿ ತಾನಽ ಇಳೀತೈತಿ. ಯಾಕ? ಒಳಗ ಬರಾಕ ಆಗೂದಿಲ್ಲ, ಕದಿಯಾಕ ಆಗೂದಿಲ್ಲ. ಒಳಗ ಬಂದ್ಲಂದ್ರ ನನ್ನ ಹೋಳಿಗಿ ಡಬ್ಬಿಗೆ ಕೈ."

"ಆಯಿ, ನಿನ್ನಾಣೆ, ನಾ ಏನೂ ತಿಂದಿಲ್ಲ" ಎಂದಳು ಪದ್ದಿ ಅಜ್ಜಿಗೆ.

"ನನ್ನಾಣೆ ಯಾಕ ಹಾಕ್ತಿ? ನಾ ಸಾಯ್ಲೆಂತನಾ? ಕಳ್ಳಿ!"

ಪದ್ದಿ ಅಳಲಿಲ್ಲ. ನನ್ನ ಹತ್ತಿರ ಬಂದು ಕೂತು, ಉಸುಕಿನಲ್ಲಿ ಬೆರಳು ಊರಿದಳು. ಆ ಬೆರಳ ತುದಿಗಳೆಲ್ಲ ಚುಚ್ಚಿ ಚುಚ್ಚಿ ಗಡುಸಾಗಿದ್ದವು.

ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ಕಾಶವ್ವ ಒಂದು ಪರೀಕ್ಷೆ ಹೂಡಿದಳು. ಬೆಲ್ಲ, ಸಕ್ಕರೆ, ಹೋಳಿಗೆ ಎಲ್ಲವನ್ನೂ ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಟೊಂಕಕ್ಕೆ ಸಿಕ್ಕಿಸಿಕೊಂಡಳು. ಪದ್ದಿಯ ಕಿಸೆಯಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಸಿಕ್ಕಿತು, ಅದನ್ನೂ ಕಿತ್ತುಕೊಂಡಳು.

"ಆಯಿ, ಅದು ಸಿಸ್ಟರ್ ಹೇಳಿದ್ದು. ಸಕ್ರಿ ಇಳದ್ರ ಬಾಯಾಗ ಹಾಕ್ಕೊಳ್ಳಾಕ."

"ಇಳದಾಗ ನಾ ಕೊಡ್ತೀನಿ. ನಾ ಎಲ್ಲಿ ಓಡಿ ಹೊಂಟೀನಿ?"

ಐದು ದಿನ ಕೀಲಿ ಟೊಂಕದಲ್ಲೇ ಇತ್ತು. ಪದ್ದಿ ಬರೆದಳು: 288, 306, 312. ಕಾಶವ್ವ ಪುಸ್ತಕ ನೋಡಲಿಲ್ಲ, ಮದುವೆಯೊಂದರ ಹೋಳಿಗೆಯಲ್ಲಿ ಮುಳುಗಿದ್ದಳು. ಏರಿದ ಅಂಕಿಗೆ ತಕ್ಕಂತೆ, ಹೇಳಿದಷ್ಟು ದೊಡ್ಡ ಡೋಸನ್ನು ಪದ್ದಿ ಹಾಕಿಕೊಳ್ಳುತ್ತಾ ಬಂದಳು. ಆರನೆಯ ಮುಂಜಾನೆಯೂ ಅಷ್ಟೇ ಹಾಕಿಕೊಂಡಳು. ಆಮೇಲೆ ಮುಟ್ಟಾಗಿ ಹೊರಗಿನ ಕಟ್ಟೆಗೆ ಹೋದಳು.

ಮಧ್ಯಾಹ್ನ ಶಾರವ್ವ ಮಗ್ಗದಲ್ಲಿದ್ದಳು. ಕಾಶವ್ವ ಹೋಳಿಗೆಯ ಬುಟ್ಟಿ ಹೊತ್ತು ಮದುವೆ ಮನೆಗೆ ಹೋಗಿದ್ದಳು. ಬಿಸಿಲಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ಒಳಗಿನಿಂದ ಕೇಳಿಸಿಕೊಂಡೆ. ಮೊದಲು, "ಆಯೀ." ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಆದರೆ ನಾಲಿಗೆ ಹೊರಳುತ್ತಿರಲಿಲ್ಲ.

ಪದ್ದಿ ಹೊಸ್ತಿಲಿಗೆ ಬಂದು ನಿಂತಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು. ಕೈ ತರತರ ನಡುಗುತ್ತಿತ್ತು. ಒಂದು ಕಾಲು ಎತ್ತಿದಳು, ಮತ್ತೆ ಹಿಂದಕ್ಕೆ ಇಟ್ಟಳು. ಒಳಗೆ ಬಂದರೆ ಮೈಲಿಗೆ. ಸಿಹಿಗೆ ಕೈ ಹಾಕಿದರೆ ಎರಡು ವರ್ಷದಿಂದ ಅಲ್ಲ ಅಲ್ಲ ಎಂದಿದ್ದ ಕಳ್ಳತನ ನಿಜವಾಗುತ್ತದೆ. ಜೀವ ಹೋಗುತ್ತಿರುವಾಗ ಆ ಹುಡುಗಿ ನಿಂತು ಇದನ್ನು ಯೋಚಿಸಬೇಕಾಯಿತು! ಬಾರೇ, ಬಾ, ಎಂದು ನನ್ನ ಮಣ್ಣೆಲ್ಲ ಕೂಗುತ್ತಿತ್ತು.

ದಾಟಿದಳು. ಟ್ರಂಕಿನ ಬೀಗ ಎಳೆದಳು, ಬರಲಿಲ್ಲ. ಡಬ್ಬಿಗಳನ್ನು ತಡಕಿದಳು: ಖಾರ, ಉಪ್ಪು, ಬೇಳೆ. ಕಣ್ಣು ಎಲ್ಲೋ ನೋಡುತ್ತಿದ್ದವು. ಕಾಲು ಕುಸಿದು ನನ್ನ ಮೇಲೆ ಬಿದ್ದಳು. ನನ್ನ ಅಂಚಿನ ಒಂದು ಚಕ್ಕೆ ಹಾರಿತು. ನನ್ನ ಪಕ್ಕದಲ್ಲೇ ಹೂರಣ ರುಬ್ಬಿದ ಪಾತ್ರೆ ಇತ್ತು, ಕಾಶವ್ವ ಅವಸರದಲ್ಲಿ ನೀರು ಹಾಕಿ ನೆನೆಯಲು ಬಿಟ್ಟಿದ್ದಳು. ಪದ್ದಿಯ ಕೈ ಅದಕ್ಕೆ ತಾಗಿತು. ಬೆರಳಿನಿಂದ ಬಳಿದಳು, ನೆಕ್ಕಿದಳು, ಪಾತ್ರೆ ಎತ್ತಿ ಆ ಸಿಹಿ ನೀರನ್ನು ಕುಡಿದಳು. ಅರ್ಧ ಎದೆಯ ಮೇಲೆ ಚೆಲ್ಲಿತು.

ಅಷ್ಟರಲ್ಲಿ ಕಾಶವ್ವ ಬಾಗಿಲಲ್ಲಿ ಬಂದು ನಿಂತಳು.

"ಸಿಕ್ಕಿಬಿದ್ದೆಲ್ಲೇ ಕಳ್ಳಿ! ಹೊರಗಾದಾಕಿ ದೇವರ ಜಗಲಿ ಮುಂದ..." ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿದಳು. ಪದ್ದಿಯ ಮುಖ ಸುಣ್ಣದಂತಿತ್ತು. ಬುಟ್ಟಿ ಬಿಸಾಕಿ ಬಂದು ಅವಳ ಬೆರಳು ಹಿಡಿದು ಚುಚ್ಚಿದಳು. ಮೈಲಿಗೆ ಗೀಲಿಗೆ ನೆನಪಾಗಲಿಲ್ಲ ಆಗ. ಕೀಲಿ ಕಿತ್ತು ಟ್ರಂಕು ತೆರೆದು, ಬೆಲ್ಲ ಕುಟ್ಟಿ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. "ನುಂಗವ್ವಾ, ನುಂಗು ನನ್ನ ತಾಯಿ. ಕಣ್ಣ ಮುಚ್ಚಬ್ಯಾಡ."

ಸ್ವಲ್ಪ ಹೊತ್ತಿನ ಮೇಲೆ ಪದ್ದಿಯ ನೋಟ ನೆಟ್ಟಗಾಯಿತು. "ಆಯಿ, ನಾ ಹೋಳಿಗಿ ಮುಟ್ಟಿಲ್ಲ" ಎಂದಳು. ಬಂದ ಮೊದಲ ಮಾತು ಅದು.

ಕಾಶವ್ವ ಅಭ್ಯಾಸದಂತೆ ಎದ್ದು ಪುಸ್ತಕಕ್ಕೆ ಬರೆದಳು: ೪೧. ಪೆನ್ಸಿಲ್ ಅಲ್ಲೇ ನಿಂತಿತು. ಮೇಲಿದ್ದ ಅಂಕಿಗಳನ್ನು ಬೆರಳಿಟ್ಟು ನೋಡಿದಳು. ಹಿಂದಿನ ಪುಟ, ಅದರ ಹಿಂದಿನ ಪುಟ. ಪ್ರತಿ ತಿಂಗಳೂ ತನ್ನ ಅಕ್ಷರದ ಸಣ್ಣ ಅಂಕಿ, ಅದಕ್ಕೆ ಮೊದಲು ಮೊಮ್ಮಗಳ ಅಕ್ಷರದ ದೊಡ್ಡ ಅಂಕಿ. ಪದ್ದಿಯ ಪಕ್ಕ ನೆಲಕ್ಕೆ ಕೂತಳು.

"ಐದು ದಿನ ಕೀಲಿ ನನ್ನ ಟೊಂಕದಾಗ ಇತ್ತಲ್ಲೇ ಪದ್ದಿ. ಆದ್ರೂ ಏರೇತಿ. ಹಂಗಾದ್ರ ನೀ..." ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅದೇ ಸಂಜೆ ಮೂವರೂ ಪುಸ್ತಕ ಹಿಡಿದು ಆಸ್ಪತ್ರೆಗೆ ಹೋದರು. ಬಂದ ಮೇಲೆ ಕಾಶವ್ವ ಓಣಿಯವರಿಗೆಲ್ಲ ಹೇಳಿದ್ದನ್ನು ನಾನು ಕೇಳಿದೆ. "ಮುಟ್ಟಿನ ಮೊದಲ ಕೆಲವರಿಗೆ ಮೈಯಾಗ ಏನೋ ಹುಟ್ಟಿ ಇನ್ಸುಲಿನ್ನಿಗೆ ಅಡ್ಡ ನಿಲ್ಲತೈತಂತ, ಅದಕ್ಕ ಸಕ್ರಿ ಏರತೈತಿ. ಮುಟ್ಟಾದ ಕೂಡಲೇ ಅದು ಇಳಿದ ಹೋಗತೈತಿ. ನಾವು ಡೋಸ್ ಏರಿಸಿದ್ದು ಏರಿಸಿದಂಗಽ ಬಿಟ್ಟಿದ್ವಿ. ಡಾಕ್ಟರಮ್ಮ ನನ್ನ ಅಂಕಿ ನೋಡಿ ಏನಂದ್ರು ಗೊತ್ತೇನು? ಇದು ರೊಟ್ಟಿ ಎಣಿಸಿದ್ದು ಅಂದ್ಕೊಂಡಿದ್ದೆ ಅಜ್ಜಿ, ತಪ್ಪಾತು ಅಂದ್ರು. ಅವರು ಅಂದ್ರು. ನಾ ಯಾರ ಮುಂದ ಅನ್ಲಿ?"

ಇನ್ನು ಯಾವ ದಿನ ಎಷ್ಟು ಏರಿಸಬೇಕು, ಯಾವ ದಿನ ಇಳಿಸಬೇಕು ಎಂದು ಡಾಕ್ಟರಮ್ಮ ಪುಸ್ತಕದ ರಟ್ಟಿನ ಮೇಲೆ ಬರೆದುಕೊಟ್ಟಿದ್ದರು.

ಉಳಿದದ್ದು ನನ್ನ ಪಾಡು. ಮರುದಿನ ಕಾಶವ್ವ ನನ್ನನ್ನು ಎರಡೂ ಕೈಯಿಂದ ಎತ್ತಿ ಹೊರಗೆ ನಡೆದಳು. ಅಂಚು ಒಡೆದಿತ್ತು, ಮೇಲೆ ಮೈಲಿಗೆ. ತಿಪ್ಪೆ ಕಾಣುತ್ತಿತ್ತು. ಈರಪ್ಪನ ನೆನಪಾಯಿತು. ಕಾಶವ್ವ ಕಟ್ಟೆಯ ಹತ್ತಿರ ನಿಂತಳು, ತಿಪ್ಪೆ ನೋಡಿದಳು, ಕಟ್ಟೆಯ ಮೇಲೆ ಕೂತಿದ್ದ ಪದ್ದಿಯನ್ನು ನೋಡಿದಳು. ನನ್ನನ್ನು ಅವಳ ಪಕ್ಕದ ನೆರಳಲ್ಲಿ ಇಟ್ಟಳು. ಗೋಡೆಗೆ ಮೊಳೆ ಹೊಡೆದು ಪುಸ್ತಕ ತೂಗುಹಾಕಿದಳು. ಒಂದು ಡಬ್ಬಿ ತುಂಬ ಬೆಲ್ಲ ತಂದಿಟ್ಟಳು. ಅದಕ್ಕೆ ಬೀಗವಿರಲಿಲ್ಲ.

"ಇವೆಲ್ಲಾ ಇನ್ನ ನಿನ್ನವು. ತಿಂಗಳೆಲ್ಲಾ ಇಲ್ಲೇ ಇರ್ತಾವು. ಯಾರನ್ನೂ ಕೇಳಬ್ಯಾಡ."

ಮೂರು ದಿನ ಒಳಗೆ ಬಾ ಎಂದು ಮಾತ್ರ ಅವಳು ಇಂದಿಗೂ ಹೇಳಿಲ್ಲ. ಅದಕ್ಕೆ ನನ್ನ ಸಿಟ್ಟು ಹಾಗೇ ಇದೆ.

ಈಗ ನನಗೆ ವಯಸ್ಸಾಯಿತು. ಮೈಮೇಲೆ ಉಪ್ಪು ಬಿಳಿಯಾಗಿ ಕೂತಿದೆ, ಬೆವರು ಹೊರಡುವುದಿಲ್ಲ. ಔಷಧಕ್ಕೆ ಹೊಸ ಗಡಿಗೆ ಬಂದಿದೆ, ನನ್ನ ಪಕ್ಕದಲ್ಲೇ ಕೂತಿದೆ. ನನ್ನ ಹೊಟ್ಟೆಯಲ್ಲಿ ಈಗ ಬೆಲ್ಲದ ಡಬ್ಬಿ. ಪುಸ್ತಕದಲ್ಲಿ ಒಂದೇ ಅಕ್ಷರ, ಮೂವತ್ತು ದಿನವೂ ಪದ್ದಿಯದೇ.

ಆದರೂ ಪ್ರತಿ ತಿಂಗಳು ಆ ಮೊದಲ ದಿನ ಬಂದರೆ ನನಗೆ ಜೀವ ತಡೆಯುವುದಿಲ್ಲ. ಕಾಶವ್ವನಿಗೂ ಅಷ್ಟೇ. ಹೋಳಿಗೆ ತಟ್ಟುವ ಸದ್ದು ಗಳಿಗೆಗೊಮ್ಮೆ ನಿಲ್ಲುತ್ತದೆ. ಹೊಸ್ತಿಲ ಒಳಗಿನಿಂದ ಕೂಗು ಬರುತ್ತದೆ: "ಪದ್ದೀ, ಎಷ್ಟೈತೇ?"

ಪದ್ದಿ ಬೆರಳು ಒತ್ತಿ, ಮಷಿನ್ ನೋಡುತ್ತಾ ಕಾಯುತ್ತಾಳೆ. ಆ ನಾಲ್ಕೈದು ಕ್ಷಣ ಒಳಗೆ ಆ ಮುದುಕಿಯೂ ಹೊರಗೆ ಈ ಒಡಕು ಗಡಿಗೆಯೂ ಉಸಿರು ಬಿಡುವುದಿಲ್ಲ.

"ನೂರಾ ಹತ್ತು, ಆಯಿ."

ಒಳಗೆ ಹೋಳಿಗೆ ತಟ್ಟುವ ಸದ್ದು ಮತ್ತೆ ಶುರುವಾಗುತ್ತದೆ.