ಯೆವ್ಸೇಯ್‌ನ ಮಗಳು

ಬಿಸಿ ಆರುತ್ತಿರುವ ಬ್ರೆಡ್ಡಿನ ಮೇಲ್ಪದರ ಚಿಟಚಿಟ ಎನ್ನುತ್ತಿದೆ, ಉಸ್ತಿನ್ಯಾ ಚಾಕು ಹಿಡಿದು ನಿಂತೇ ಇದ್ದಾಳೆ, ಸಂಜೆ ನೆರೆಯವರು ಊಟಕ್ಕೆ ಬರುತ್ತಾರೆ, ಅಪ್ಪ ಸತ್ತ ಒಂಬತ್ತನೆಯ ದಿನದ ಊಟ, ಕೊಯ್ಯದೆ ಆಗುವುದಿಲ್ಲ, ಆದರೆ ಈ ಮನೆಯಲ್ಲಿ ಬ್ರೆಡ್ಡು ಕೊಯ್ದದ್ದು ಅಪ್ಪ ಯೆವ್ಸೇಯ್ ಒಬ್ಬನೇ — ಎದೆಗೆ ಒತ್ತಿ ಹಿಡಿದು, ಚಾಕುವನ್ನು ತನ್ನತ್ತಲೇ ಎಳೆದುಕೊಳ್ಳುತ್ತ, ಮೊದಲ ತುಂಡು ತನಗೆ, ಆಮೇಲೆ ಅಣ್ಣ ಲುಕ್ಯಾನ್‌ಗೆ, ಕೊನೆಯದು ಅಮ್ಮನಿಗೆ, ಅಮ್ಮ ಹೋದ ಮೇಲೆ ಕೊನೆಯದು ಇವಳಿಗೆ, ಲುಕ್ಯಾನ್ ಬೇರೆ ಮನೆ ಮಾಡ್ತೀನಿ ಅಂದ ದಿನ ಅಪ್ಪ ಅವನ ತುಂಡನ್ನು ನಾಯಿಗೆ ಎಸೆದ, ಹೋಗು, ಮತ್ತೆ ನನ್ನ ಕಣ್ಣಿಗೆ ಬೀಳ್ಬೇಡ, ಲುಕ್ಯಾನ್ ಬೀಳಲೇ ಇಲ್ಲ, ಮಣ್ಣಿಗೂ ಬರಲಿಲ್ಲ, ಅದೇ ಅಪ್ಪ ಇವಳಿಗೆ ಜ್ವರ ಬಂದಾಗ ತನ್ನ ಕುರಿಚರ್ಮದ ಕೋಟಿನೊಳಗೆ ಸುತ್ತಿ ಹೊತ್ತುಕೊಂಡು, ವೈದ್ಯರ ಹತ್ತಿರ ಹೋಗಲು ಹೆಪ್ಪುಗಟ್ಟಿದ ಹೊಳೆ ದಾಟಿದ್ದ, ಕೋಟಿಗೆ ಹೊಗೆಸೊಪ್ಪಿನ ವಾಸನೆ, ಅಷ್ಟು ಬೆಚ್ಚಗೆ ಆಮೇಲೆ ಎಲ್ಲೂ ಆಗಲಿಲ್ಲ — ಹೊರಗೆ ಯಾರೋ ಹಿಮ ಕೊಡವುತ್ತಿದ್ದಾರೆ, ಒಳಗೆ ಬಂದವನು ದೆಮೀದ್, ಉಣ್ಣೆಯ ಬೂಟು ಮಾಡುವವನು, ಟೋಪಿ ತೆಗೆದು ದೇವರ ಪಟದ ಮುಂದೆ ಶಿಲುಬೆಯ ಗುರುತು ಹಾಕಿಕೊಂಡ, ಎಷ್ಟು ಮುದುಕನಾಗಿಬಿಟ್ಟಿದ್ದಾನೆ, ನಾನೂ ಅಷ್ಟೇ ಅಲ್ಲವೇ, ಉಸ್ತ್ಯಾ, ಅಂದ ಅವನು, ಆವತ್ತು ನಿನ್ನ ಹೆಣ್ಣು ಕೇಳೋಕೆ ಬಂದಾಗ ನಿಮ್ಮಪ್ಪ ಏನಂದ್ರು, ಮನೇಲಿ ಕೆಲಸಕ್ಕೆ ಕೈ ಸಾಲ್ದು, ಈ ಸುಗ್ಗಿ ಕಳೀಲಿ ಅಂದ್ರು, ಇಪ್ಪತ್ತೆರಡು ಸುಗ್ಗಿ ಕಳೀತು ನೋಡು, ಮಧ್ಯೆ ಅವನು ಹೊಳೆಯಾಚೆಯವಳನ್ನು ಮದುವೆಯಾದ, ಆ ದಿನ ಇವಳು ದನದ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ, ಅವನ ಹೆಂಡತಿ ತೀರಿಕೊಂಡು ಈಗ ಎರಡು ವರ್ಷ, ನಂಗೂ ಒಬ್ಬನೇ ಉಂಡು ಸಾಕಾಯ್ತು, ಇನ್ನು ಕೇಳೋಕೆ ಯಾರವ್ರೆ, ನೀನೇ ಹೇಳು, ಬರ್ತೀಯಾ — ಹ್ಞೂಂ ಅನ್ನಲು ಬಾಯಿ ತೆರೆದಳು, ಹೊರಬಿದ್ದದ್ದು ಬೇರೆ, ಅಪ್ಪನ್ನ ಒಂದು ಮಾತು ಕೇಳ್ಬೇಕು, ಅವನು ನಗಲಿಲ್ಲ, ಅಪ್ಪ ಕೂರುತ್ತಿದ್ದ ಮೂಲೆಯನ್ನು ನೋಡಿದ, ಸರಿ ಬಿಡು ಅಂದ, ಬಾಗಿಲು ಮುಚ್ಚಿತು, ಅಲ್ಲ, ನಾನು ಹೇಳಬೇಕೆಂದಿದ್ದು ಅದಲ್ಲ, ಕೂಗಬೇಕು, ಹೆಣ್ಣಾದವಳು ಬೀದಿಗೆ ಕೇಳೋ ಹಾಗೆ ಕೂಗಬಾರ್ದು, ಯಾರು ಹೇಳಿದ್ದು, ಮನೆಯಲ್ಲಿ ಯಾರೂ ಇಲ್ಲ, ಆದರೂ ಕಾಲು ಹೋಗುವುದು ಕಿಟಕಿಯವರೆಗೆ ಮಾತ್ರ, ಗಾಜಿನ ತುಂಬ ಹೆಪ್ಪುಗಟ್ಟಿದ ಹಿಮ, ಉಸಿರು ಊದಿ ಬೆರಳಿನಿಂದ ಕಾಸಗಲ ಒರೆಸುತ್ತಾಳೆ, ಬಯಲಲ್ಲಿ ದೆಮೀದ್ ಹೋಗುತ್ತಿದ್ದಾನೆ, ಟೋಪಿ ಇನ್ನೂ ಕೈಯಲ್ಲೇ, ಹಾಕಿಕೊಳ್ಳಲು ಮರೆತಿದ್ದಾನೆ, ಬೋಳು ನೆತ್ತಿಯ ಮೇಲೆ ಹಿಮ ಬೀಳುತ್ತಿದೆ, ಹಾಕ್ಕೋ ಮಾರಾಯ, ಗಾಜು ಮಸುಕಾಗುತ್ತದೆ, ಊದುತ್ತಾಳೆ, ಬೋಳು ನೆತ್ತಿ, ಹಿಮ, ಮತ್ತೆ ಮಸುಕು, ಊದುತ್ತಾಳೆ, ಬೋಳು ನೆತ್ತಿ, ಅದರ ಮೇಲೆ ಹಿಮ